ಹಗೇವಿನ ಜಾಣ್ಮೆ ದನದ ಮೇವಿಗೆ

ಬೇಸಗೆ ಕಾಲಿಟ್ಟಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತನ ಕಣ್ಣು ಮೊದಲು ಹೊರಳುವುದು ಬಣವೆಯ ಕಡೆಗೆ. ಕಣಿಕೆ ತೀರಿದ ಮನೆಯ ಎತ್ತುಗಳು ಸಂತೆಯ ದಾರಿ ಹಿಡಿಯುತ್ತವೆ. ಮುಂಗಾರಿಗೆ ಅಂಥದೇ ಜೋಡಿ ಬೇಕೆಂದರೆ ಮಾರಿದ ಬೆಲೆಗೆ ದೊರೆಯುವುದಿಲ್ಲ.

ಹಿಂಗಾರಿ ಬಿಳಿಜೋಳವು ಮನೆಗೆ ರೊಟ್ಟಿಯನ್ನೂ ಕೊಟ್ಟಿಗೆಗೆ ಕಣಿಕೆಯನ್ನೂ ಒದಗಿಸುವ ಬೆಳೆ. ಆದರೆ ಈ ಸೀಮೆಯ ಹೊಲಗಳಲ್ಲಿ ಇಂದು ತೊಗರಿಯದೇ ಮೇಲುಗೈ. ತೊಗರಿ ಕೈಗೆ ಹಣ ಕೊಡುತ್ತದೆ, ನಿಜ. ಅದರ ಕಟ್ಟಿಗೆ ಒಲೆಗಾದೀತು, ಹೊಟ್ಟು ದನಕ್ಕಾದೀತು. ಅಷ್ಟರಿಂದಲೇ ಎತ್ತಿನ ಹೊಟ್ಟೆ ತುಂಬದು.

ಇದಕ್ಕೊಂದು ಉಪಾಯ ರಸಮೇವು. ಜೋಳವನ್ನೋ ಗೋವಿನಜೋಳವನ್ನೋ ಕಾಳು ಹಾಲುಗಟ್ಟಿ ಗಟ್ಟಿಯಾಗತೊಡಗಿದಾಗ ತೆನೆಸಹಿತ ಕೊಯ್ದು, ಒಂದಂಗುಲದಷ್ಟು ಸಣ್ಣಗೆ ಕತ್ತರಿಸಿ, ಗುಂಡಿಯಲ್ಲಿ ಪದರ ಪದರವಾಗಿ ತುಳಿದು, ಗಾಳಿಯಾಡದಂತೆ ಮುಚ್ಚಬೇಕು. ಪೈರಿನ ಸಕ್ಕರೆಯು ಹುಳಿಯಾಗಿ ಮಾರ್ಪಟ್ಟು ಮೇವನ್ನು ಕೆಡದಂತೆ ಕಾಯುತ್ತದೆ. ಸುಮಾರು 45 ದಿನಗಳಲ್ಲಿ ಮೇವು ಸಿದ್ಧ. ಫ್ರಾನ್ಸಿನ ಗೋಫಾರ್ ಎಂಬಾತ ಈ ವಿಧಾನವನ್ನು ಕುರಿತು 1877ರಲ್ಲಿಯೇ ಪುಸ್ತಕ ಬರೆದನು. ಮೇವು ಕಾಪಿಡುವ ಸಂಶೋಧನೆಗಾಗಿ ಫಿನ್ಲೆಂಡಿನ ವಿರ್ಟಾನೆನ್ನನಿಗೆ 1945ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನೆಲದೊಳಗಿನ ಹಗೇವಿನಲ್ಲಿ ಜೋಳ ಕಾಪಿಟ್ಟ ನಾಡಿಗೆ ಇದು ತೀರ ಹೊಸತೇನಲ್ಲ.

ಆದರೆ ಮನೆಯೊಡತಿಯ ಪ್ರಶ್ನೆಯೊಂದುಂಟು: “ತೆನೆಯನ್ನೂ ದನಕ್ಕೆ ಹಾಕಿದರೆ ರೊಟ್ಟಿಗೆ ಏನು?” ನ್ಯಾಯವಾದ ಮಾತು. ಇಡೀ ಹೊಲವನ್ನು ಯಾರೂ ರಸಮೇವು ಮಾಡಬೇಕಾಗಿಲ್ಲ. ಮಣ್ಣಿನ ತೇವ ಆರಿ ತೆನೆ ಕಾಳು ಕಟ್ಟದೆಂದು ಖಚಿತವಾದ ಪಟ್ಟಿಯನ್ನು, ಅದು ಒಣಗುವ ಮುನ್ನವೇ ಕೊಯ್ದರೆ ಸಾಕು. ಬಾಡಿದ ಎಳೆಜೋಳವನ್ನು ಹಸಿಯಾಗಿ ಮೇಯ್ದ ದನ ಅದರೊಳಗಿನ ಸಯನೈಡ್ ವಿಷದಿಂದ ಸಾಯುವುದುಂಟು. ರಸಮೇವು ಮಾಡಿದಾಗ ಆ ವಿಷ ಬಹುಮಟ್ಟಿಗೆ ಇಳಿಯುತ್ತದೆ.

ಲೆಕ್ಕವೂ ಸುಲಭ. ಎತ್ತೊಂದಕ್ಕೆ ದಿನಕ್ಕೆ 15 ಕಿಲೋದಂತೆ, ಜೋಡಿಗೆ 90 ದಿನಗಳಿಗೆ 2,700 ಕಿಲೋ ಬೇಕು. ಒಂದು ಘನ ಅಡಿಯಲ್ಲಿ ಸುಮಾರು 15 ಕಿಲೋ ಹಿಡಿಯುವುದರಿಂದ 180 ಘನ ಅಡಿ ಜಾಗ ಸಾಕು. ಇದನ್ನು ಒಂದೇ ಗುಂಡಿಯಾಗಿ ತೆಗೆಯದೆ ಮೂರು ಸಣ್ಣ ಗುಂಡಿಗಳಾಗಿ ತೆಗೆಯುವುದು ಲೇಸು. ತೆರೆದ ಗುಂಡಿಯ ಮೇವಿಗೆ ಬಿಸಿಗಾಳಿ ಬಹುದಿನ ತಗಲಿದರೆ ಬೂಷ್ಟು ಹಿಡಿಯುತ್ತದೆ. ಎರೆಭೂಮಿ ಬಿರಿಯುವುದರಿಂದ ನೀರು ನಿಲ್ಲದ ಎತ್ತರದ ಜಾಗ ಆರಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಬೂಷ್ಟು ಹಿಡಿದುದನ್ನು ದನಕ್ಕೆ ಹಾಕಬಾರದು. ಹೊಸ ಮೇವನ್ನು ಮೊದಲು ಸ್ವಲ್ಪ ಸ್ವಲ್ಪವಾಗಿ, ಒಣ ಕಣಿಕೆಯೊಡನೆ ರೂಢಿಸಬೇಕು. ಕರೆಯುವ ಹಸುವಿಗೆ ಹಾಲು ಕರೆದ ಮೇಲೆ ಕೊಟ್ಟರೆ ಹಾಲಿಗೆ ವಾಸನೆ ತಾಗದು.

ಬರ ಬಂದಾಗ ಗುಂಡಿ ತೋಡಿ ಫಲವಿಲ್ಲ. ಪೈರು ಹಸಿರಾಗಿರುವಾಗಲೇ ತೋಡಿದವನ ಎತ್ತುಗಳು ಮುಂಗಾರಿನ ಮೊದಲ ಹದಕ್ಕೆ ಅವನ ಹೊಲದಲ್ಲಿಯೇ ಇರುತ್ತವೆ.