ಬಾತಿನ ಕಾಲೋ, ನೆಲದ ಬಿರುಕೋ?

ಡಾರ್ವಿನ್ ಒಮ್ಮೆ ಬಾತುಕೋಳಿಯ ಪಾದಗಳನ್ನು ನೀರಿನ ತೊಟ್ಟಿಯೊಳಗೆ ಇಳಿಬಿಟ್ಟು ಕಾದು ಕೂತಿದ್ದ. ತೊಟ್ಟಿಯಲ್ಲಿ ಸಿಹಿನೀರಿನ ಬಸವನಹುಳುಗಳ ಮೊಟ್ಟೆಗಳು ಒಡೆಯುತ್ತಿದ್ದವು. ಮರಿಗಳು ಪಾದ ಹತ್ತಿದವು. ಹೊರತೆಗೆದು ಕೊಡವಿದರೂ ಬೀಳಲಿಲ್ಲ. ತೇವದ ಗಾಳಿಯಲ್ಲಿ 12ರಿಂದ 20 ಗಂಟೆ ಜೀವ ಹಿಡಿದುಕೊಂಡಿದ್ದವು. ಅಷ್ಟರಲ್ಲಿ ಹಕ್ಕಿಯೊಂದು 600–700 ಮೈಲಿ ಹಾರೀತು ಎಂದು 1859ರ ತನ್ನ ಪುಸ್ತಕದಲ್ಲಿ ಲೆಕ್ಕ ಹಾಕಿದ. ಕಾಲಿಲ್ಲದ ಪ್ರಾಣಿ ಊರೂರು ತಿರುಗುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಉತ್ತರ ಇನ್ನೊಂದಿರಲಾರದು.

ಸೊಗಸಾದದ್ದೆಲ್ಲ ಎಲ್ಲ ಕಡೆಗೂ ಸಲ್ಲಬೇಕಲ್ಲ? ಅಮೆರಿಕದ ನೆವಾಡದಲ್ಲಿ, ಡೆತ್ ವ್ಯಾಲಿಯ ಮಗ್ಗುಲಲ್ಲಿ, ಆ್ಯಶ್ ಮೆಡೋಸ್ ಎಂಬ ಜಾಗವಿದೆ. ಸುತ್ತ ಸುಡುವ ಮರುಭೂಮಿ. ನಡುವೆ ನೆಲದಡಿಯಿಂದ ಉಕ್ಕುವ ಹತ್ತಾರು ಚಿಲುಮೆಗಳು. ಕಲ್ಲೊಂದನ್ನು ಮಗುಚಿದರೆ ತಳದಲ್ಲಿ ಸಾಸಿವೆಯಿಂದ ಮೆಂತ್ಯದ ಕಾಳಿನಷ್ಟು ದೊಡ್ಡ ಬಸವನಹುಳುಗಳು. ಇವುಗಳಲ್ಲಿ ಹೆಚ್ಚಿನವು ಪಿರ್ಗುಲಾಪ್ಸಿಸ್ ಕುಲದವು. ಕಿವಿರಿನಿಂದ ಉಸಿರಾಡುವುದರಿಂದ ನೀರು ಬಿಟ್ಟು ಹೊರಬರುವಂತಿಲ್ಲ. ಈಜಿ ತೇಲುವ ಮರಿಹಂತವೂ ಇಲ್ಲ; ಮೊಟ್ಟೆ ಒಡೆದರೆ ಅಲ್ಲೇ ಪುಟ್ಟ ಹುಳು. ಚಿಲುಮೆಯ ಕಣ್ಣಿನ ಬಳಿ ಮುತ್ತಿಕೊಂಡಿರುವ ಇವು ತೊರೆಯಲ್ಲಿ ಸ್ವಲ್ಪ ದೂರ ಹೋದರೆ ವಿರಳವಾಗುತ್ತವೆ. ಒಂದು ಪ್ರಭೇದ ಕ್ರಿಸ್ಟಲ್ ಎಂಬ ಒಂದೇ ಕೊಳದಲ್ಲಿದೆ. ಇನ್ನೊಂದು ಫೇರ್‌ಬ್ಯಾಂಕ್ಸ್ ಎಂಬ ಚಿಲುಮೆಯಲ್ಲಿ ಮಾತ್ರ. ನಡುವಿನ ಅಂತರ ಕೆಲವೇ ಕಿಲೋಮೀಟರ್. ಬಾತುಕೋಳಿಗೆ ಅದೊಂದು ದೂರವೇ ಅಲ್ಲ.

ಹಾಗಾದರೆ ಇವು ಬೇರೆಬೇರೆಯಾದದ್ದು ಯಾವಾಗ? ಸುಲಭದ ಉತ್ತರ ಹಿಮಯುಗ. ಆಗ ಇಲ್ಲಿನ ಕಣಿವೆಗಳಲ್ಲಿ ದೊಡ್ಡ ಸರೋವರಗಳಿದ್ದವು. ಡೆತ್ ವ್ಯಾಲಿಯೇ ಮ್ಯಾನ್ಲಿ ಸರೋವರವಾಗಿತ್ತು. ನೀರು ಬತ್ತಿದಾಗ ಹುಳುಗಳು ಅಲ್ಲಲ್ಲಿ ಸಿಕ್ಕಿಕೊಂಡು ಬೇರೆಯಾದವು ಎಂದು ಹೇಳಿ ಕಥೆ ಮುಗಿಸಬಹುದಿತ್ತು. ಆದರೆ ಸಂಶೋಧಕರಾದ ರಾಬರ್ಟ್ ಹರ್ಷ್ಲರ್ ಮತ್ತು ಸ್ಯು-ಪಿಂಗ್ ಲಿಯು ಹುಳುಗಳ ಮೈಟೊಕಾಂಡ್ರಿಯಾದ ಡಿಎನ್‌ಎ ಓದಿದರು. ಅದರಲ್ಲಿ ಕೂಡಿಬಂದ ವ್ಯತ್ಯಾಸಗಳನ್ನು ಎಣಿಸಿದರೆ ಎರಡು ವಂಶಗಳು ಕವಲೊಡೆದು ಎಷ್ಟು ಕಾಲವಾಯಿತೆಂದು ಅಂದಾಜಿಸಬಹುದು. ಲೆಕ್ಕ ಹಿಮಯುಗದ ಹತ್ತಾರು ಸಾವಿರ ವರ್ಷಗಳಿಗೆ ನಿಲ್ಲಲಿಲ್ಲ. ಅನೇಕ ಕವಲುಗಳು ಲಕ್ಷಾಂತರ ವರ್ಷಗಳ ಆಚೆಗೆ ಹೋದವು. ಈ ಸೀಮೆಯ ನೆಲ ಪೂರ್ವ–ಪಶ್ಚಿಮಕ್ಕೆ ಎಳೆದಂತಾಗಿ ಬಿರಿದು, ಒಂದೆಡೆ ಬೆಟ್ಟ ಎದ್ದು ಪಕ್ಕದಲ್ಲಿ ಕಣಿವೆ ಕುಸಿದ ಕಾಲದ ಗುರುತು ಹುಳುವಿನ ಜೀನುಗಳಲ್ಲಿ ಉಳಿದಿದೆ. ಹಳೆಯ ಹೊಳೆಯೊಂದು ತುಂಡಾಯಿತು, ಅದರೊಂದಿಗೆ ವಂಶವೂ ತುಂಡಾಯಿತು.

ಹಾಗೆಂದು ಡಾರ್ವಿನ್ ಸೋತನೆನ್ನಬೇಡಿ. ಕೆಲವು ಪ್ರಭೇದಗಳು ಈಚೆಗೆ ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟಿದ ಸುಳಿವೂ ಅದೇ ಡಿಎನ್‌ಎಯಲ್ಲಿದೆ. ನೀರಿನ ದಾರಿ ಮುಚ್ಚಿದ್ದಲ್ಲಿ ಹಕ್ಕಿಯಲ್ಲದೆ ಇನ್ನಾರನ್ನು ಶಂಕಿಸುವುದು? ಬಾತು ಬರುತ್ತದೆ, ಆದರೆ ಅಪರೂಪಕ್ಕೆ. ನೆಲದ ಕೆಲಸವೇ ಹೆಚ್ಚು.

ನನಗೆ ರುಚಿಸುವುದು ಇನ್ನೊಂದು ಸಂಗತಿ. ಈ ಹುಳುಗಳ ಚಿಪ್ಪು ನೋಡಿ ಹೆಸರಿಡುವುದು ಕಷ್ಟ, ಒಂದರಂತೆ ಇನ್ನೊಂದು. ತಜ್ಞರು ಸೂಕ್ಷ್ಮದರ್ಶಕದಡಿ ಗಂಡಿನ ಜನನಾಂಗದ ಮೇಲಿನ ಗ್ರಂಥಿಗಳನ್ನು ಗಮನಿಸುತ್ತಾ ಕೂರಬೇಕು. ಅಷ್ಟಾದರೂ ಮೋಸ ತಪ್ಪಲಿಲ್ಲ. ಮೈಕ್ರೋಕಾಕಸ್ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದ ಹುಳುವಿನ ಡಿಎನ್‌ಎ ನೋಡಿದರೆ ಒಳಗೆ ಹಲವು ವಂಶಗಳು. ಅವೆಲ್ಲ ಪರಸ್ಪರ ಹತ್ತಿರದ ನೆಂಟರೂ ಅಲ್ಲ. ಒಂದು ಚಿಲುಮೆ ಬತ್ತಿದರೆ ಬೇರೆಡೆ ಅದೇ ಹುಳು ಇದೆಯಲ್ಲ ಎಂಬ ಸಮಾಧಾನ ಹಾಗಾಗಿ ನಿಲ್ಲುವುದಿಲ್ಲ.

ಬತ್ತಿಸಲು ಭೂಕಂಪ ಬೇಕಿಲ್ಲ, ಬೋರ್‌ವೆಲ್ ಸಾಕು. 1960ರ ದಶಕದ ಕೊನೆಗೆ ಇಲ್ಲಿ ಜಮೀನಿಗೆಂದು ಪಂಪು ಹಾಕಿದಾಗ ಡೆವಿಲ್ಸ್ ಹೋಲ್ ಎಂಬ ಗುಂಡಿಯ ನೀರು ಇಳಿಯತೊಡಗಿತು. ಅಲ್ಲಿನ ಒಂದಿಂಚಿನ ಮೀನಿಗಾಗಿ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1976ರಲ್ಲಿ ಪಂಪಿಗೆ ಮಿತಿ ಬಿತ್ತು. 1984ರಲ್ಲಿ ಆ್ಯಶ್ ಮೆಡೋಸ್ ವನ್ಯಜೀವಿ ತಾಣವಾಯಿತು. ನ್ಯಾಯಾಲಯಕ್ಕೆ ಹೋದದ್ದು ಮೀನು; ಅದೇ ಅಂತರ್ಜಲ ನಂಬಿರುವ ಹುಳುಗಳೂ ಅದರ ನೆರಳಲ್ಲಿ ಉಳಿದುಕೊಂಡವು. ಕ್ರಿಸ್ಟಲ್ ಕೊಳದ ಹುಳುವಿಗೆ ಭೂಮಿಯ ಮೇಲೆ ಬೇರೆ ವಿಳಾಸವಿಲ್ಲ.