ಮೂಕಪ್ರಾಣಿಗಳ ಅರ್ಬುದ ರೋಗ: ಮನೆಯವರ ಕೈಯೇ ಮೊದಲ ಪರೀಕ್ಷೆ

ಕ್ಯಾನ್ಸರ್ ಎಂಬ ಹೆಸರು ಕೇಳಿದೊಡನೆ ನಾವು ಮನುಷ್ಯರನ್ನಷ್ಟೇ ನೆನೆಯುತ್ತೇವೆ. ಕೊಟ್ಟಿಗೆಯ ಎತ್ತು, ಅಂಗಳದ ನಾಯಿ, ಅಡಿಗೆಮನೆಯ ಹೊಸ್ತಿಲಲ್ಲಿ ಮಲಗುವ ಬೆಕ್ಕು, ಇವುಗಳಿಗೂ ಆ ವ್ಯಾಧಿ ಬರುತ್ತದೆಂಬುದು ಅನೇಕ ಕುಟುಂಬಗಳಿಗೆ ತಿಳಿಯುವುದು ಕಾಲ ಮೀರಿದ ಮೇಲೆಯೇ. ಮನುಷ್ಯನು ತನ್ನ ನೋವನ್ನು ಬಾಯಿಬಿಟ್ಟು ಹೇಳಬಲ್ಲನು. ಪ್ರಾಣಿಯು ಹೇಳಲಾರದು, ಅಷ್ಟೇ ಅಲ್ಲ, ನೋವನ್ನು ಮರೆಮಾಚುವುದು ಅದರ ಹುಟ್ಟುಗುಣ. ಮೇವು ತಿನ್ನುತ್ತಿದೆ, ಬಾಲವಾಡಿಸುತ್ತಿದೆ ಎಂದ ಮಾತ್ರಕ್ಕೆ ಅದು ಸುಖವಾಗಿದೆಯೆಂದು ನಾವು ತಿಳಿಯುವಂತಿಲ್ಲ.

ಮೊದಲು ಎತ್ತಿನ ಮಾತು. ನಮ್ಮ ದೇಶದ ಎತ್ತುಗಳಲ್ಲಿ ವಿಶೇಷವಾಗಿ ಕಾಣಿಸಿಕೊಳ್ಳುವುದು ಕೊಂಬಿನ ಕ್ಯಾನ್ಸರ್. ಹಸು, ಹೋರಿಗಳಿಗಿಂತ ಬೀಜ ಒಡೆದ ಎತ್ತುಗಳಿಗೇ ಇದು ಹೆಚ್ಚು; ಅದರಲ್ಲಿಯೂ ದುಡಿಮೆಯ ಭರದಲ್ಲಿರುವ 5ರಿಂದ 10 ವರ್ಷದ ಎತ್ತುಗಳಿಗೆ. ಕೊಂಬು ಹೊರಗೆ ಗಟ್ಟಿಯಾಗಿ ಕಂಡರೂ ಅದರೊಳಗೆ ಜೀವಂತವಾದ ಟೊಳ್ಳು ಎಲುಬಿದೆ. ಆ ಟೊಳ್ಳು ತಲೆಬುರುಡೆಯ ಪೊಳ್ಳಿನೊಂದಿಗೆ ಕೂಡಿಕೊಂಡಿದೆ. ಆದುದರಿಂದಲೇ ಕೊಂಬಿನಲ್ಲಿ ಹುಟ್ಟಿದ ರೋಗದ ಸುಳಿವು ಅನೇಕ ವೇಳೆ ಮೂಗಿನಲ್ಲಿ ಕಾಣುತ್ತದೆ.

ರೋಗ ತೊಡಗಿದ ಎತ್ತು ಪದೇ ಪದೇ ತಲೆ ಕೊಡವುತ್ತದೆ, ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿ ನಿಲ್ಲುತ್ತದೆ, ಕೊಂಬನ್ನು ಗೂಟಕ್ಕೋ ಗೋಡೆಗೋ ಉಜ್ಜುತ್ತದೆ. ಒಂದೇ ಹೊಳ್ಳೆಯಿಂದ ರಕ್ತವೋ ದುರ್ವಾಸನೆಯ ಕೀವೋ ಸೋರುವುದುಂಟು. ಕೊಂಬಿನ ಬುಡವನ್ನು ಮೆಲ್ಲನೆ ತಟ್ಟಿದರೆ ಅದು ನೋವಿನಿಂದ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇನ್ನೊಂದು ಕೊಂಬಿನ ಟೊಳ್ಳು ಸದ್ದು ಇಲ್ಲಿ ಕೇಳಿಸುವುದಿಲ್ಲ. ಕೊಂಬು ಸಡಿಲವಾಗಿ ಬಾಗುವುದು, ಬುಡದಲ್ಲಿ ಹೂಕೋಸಿನಂತಹ ದುರ್ಮಾಂಸ ಬೆಳೆದು ಹುಳು ಬೀಳುವುದು ಆಮೇಲಿನ ಮಾತು. ಎತ್ತು ಯಾವುದೋ ಕಂಬಕ್ಕೆ ಹಾಯ್ದು ಪೆಟ್ಟು ಮಾಡಿಕೊಂಡಿದೆ ಎಂದು ಭಾವಿಸಿ ಅರಿಸಿನ ಎಣ್ಣೆ ಹಚ್ಚುತ್ತ ಕಾಲ ಕಳೆಯುವ ಮನೆಗಳನ್ನು ನಾವು ಕಂಡಿದ್ದೇವೆ. ಹಾಗೆ ಕಳೆದ ದಿನಗಳೇ ಎತ್ತಿನ ಆಯುಷ್ಯವನ್ನು ಕಳೆಯುತ್ತವೆ. ರೋಗವು ಕೊಂಬಿನಲ್ಲಿಯೇ ಇರುವಾಗ ಪಶುವೈದ್ಯರು ನರಕ್ಕೆ ಮರಗಟ್ಟುವ ಮದ್ದು ಕೊಟ್ಟು ಕೊಂಬನ್ನು ಬುಡಸಮೇತ ತೆಗೆದು ಚರ್ಮ ಹೊಲಿಯುತ್ತಾರೆ. ಆ ಎತ್ತು ಗುಣ ಹೊಂದಿ ಮತ್ತೆ ನೊಗಕ್ಕೆ ಹೆಗಲು ಕೊಡಬಲ್ಲದು. ಬುರುಡೆಯೊಳಕ್ಕೆ ಇಳಿದ ಮೇಲೆ ಶಸ್ತ್ರಚಿಕಿತ್ಸೆಯಾದರೂ ರೋಗ ಮರುಕಳಿಸುತ್ತದೆ. ಒಂದು ಕೊಂಬು ಹೋಯಿತೆಂದು ಕೊರಗುವುದಕ್ಕಿಂತ ಎತ್ತು ಉಳಿಯಿತೆಂದು ಸಮಾಧಾನಪಡುವುದು ಜಾಣತನ.

ಕಾರಹುಣ್ಣಿಮೆಯಂದು ನಮ್ಮ ರೈತ ಕುಟುಂಬಗಳಲ್ಲಿ ಎತ್ತುಗಳಿಗೆ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುತ್ತಾರೆ. ಬಣ್ಣದ ಕುಂಚ ತಾಗುವ ಮೊದಲು ಎರಡೂ ಕೊಂಬುಗಳ ಬುಡವನ್ನು ಬೆರಳಿನಿಂದ ಒತ್ತಿ ನೋಡುವ ಪದ್ಧತಿಯೂ ಬೆಳೆದರೆ ಆ ಹಬ್ಬಕ್ಕೆ ಇನ್ನಷ್ಟು ಸಾರ್ಥಕತೆ ಬಂದೀತು.

ಇನ್ನು ನಾಯಿಯ ವಿಚಾರ. ಏಳೆಂಟು ವರ್ಷ ದಾಟಿದ ಹೆಣ್ಣುನಾಯಿಗಳಲ್ಲಿ ಮೊಲೆಯ ಗಂಟು ಬಹು ಸಾಮಾನ್ಯ. ನಾಯಿಗೆ ಸಾಧಾರಣವಾಗಿ ಐದು ಜೋಡಿ ಮೊಲೆಗಳು. ಹಿಂಗಾಲಿನ ಕಡೆಯ ಎರಡು ಜೋಡಿಗಳಲ್ಲಿ ಗಂಟು ಏಳುವುದು ಹೆಚ್ಚು. ಇಂತಹ ಗಂಟುಗಳಲ್ಲಿ ಸುಮಾರು ಅರ್ಧದಷ್ಟು ನಿರುಪದ್ರವಿ, ಉಳಿದರ್ಧ ಕ್ಯಾನ್ಸರ್. ಯಾವುದು ಯಾವುದೆಂಬುದನ್ನು ಕಣ್ಣಳತೆಯಿಂದ ನಿರ್ಧರಿಸಲಾಗದು. ಆದುದರಿಂದ "ಅಡಿಕೆಯಷ್ಟೇ ಇದೆ, ಬೆಳೆದರೆ ನೋಡೋಣ" ಎಂಬ ಮಾತು ಅಪಾಯಕರವಾದುದು. ಗಂಟು 3 ಸೆಂಟಿಮೀಟರಿಗಿಂತ ಚಿಕ್ಕದಿರುವಾಗ ತೆಗೆಸಿದ ನಾಯಿಗಳು, ದೊಡ್ಡದಾದ ಮೇಲೆ ತೆಗೆಸಿದವುಗಳಿಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತವೆ. ತಡವಾದಷ್ಟೂ ರೋಗವು ಶ್ವಾಸಕೋಶಕ್ಕೆ ಹಬ್ಬುವ ಸಂಭವ ಹೆಚ್ಚು. ಮರಿ ಬೇಡವೆನ್ನುವವರು ಎಳೆಯ ವಯಸ್ಸಿನಲ್ಲಿಯೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ರೋಗದ ಭಯ ಬಹಳ ಮಟ್ಟಿಗೆ ತಗ್ಗುತ್ತದೆ. ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂಬುದನ್ನು ವೈದ್ಯರೊಡನೆ ಆಲೋಚಿಸಬೇಕು.

ನಾಯಿಗಳಲ್ಲಿ ಕೂಡುವಿಕೆಯಿಂದ ಹರಡುವ ಇನ್ನೊಂದು ಅರ್ಬುದವಿದೆ. ಇಲ್ಲಿ ಕ್ಯಾನ್ಸರಿನ ಜೀವಕೋಶಗಳೇ ಒಂದು ನಾಯಿಯಿಂದ ಮತ್ತೊಂದಕ್ಕೆ ದಾಟುತ್ತವೆ. ಜನನಾಂಗದಿಂದ ದಿನಗಟ್ಟಲೆ ರಕ್ತ ತೊಟ್ಟಿಕ್ಕುವುದು ಇದರ ಗುರುತು. ಬೆದೆಯ ರಕ್ತವೆಂದು ಸುಮ್ಮನಾಗುವವರುಂಟು, ಹೇಸಿಕೊಂಡು ನಾಯಿಯನ್ನು ಬೀದಿಪಾಲು ಮಾಡುವವರೂ ಉಂಟು. ವಾಸ್ತವವಾಗಿ ಇದು ಬಹುಪಾಲು ಗುಣವಾಗುವ ಕ್ಯಾನ್ಸರ್. ವಾರಕ್ಕೊಮ್ಮೆಯಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ಗಡ್ಡೆ ಕರಗಿಹೋಗುತ್ತದೆ. ಈ ಔಷಧ ದೊರೆಯುವುದು ನಮ್ಮ ಹಿತ್ತಿಲುಗಳಲ್ಲಿ ಅರಳುವ ಕಾಶಿಕಣಗಿಲೆಯ ಗಿಡದಿಂದ. ಹಾಗೆಂದು ಅದರ ಎಲೆಯ ರಸವನ್ನು ಮನೆಯಲ್ಲಿ ಹಿಂಡಿ ಕುಡಿಸಬಾರದು, ಅದು ವಿಷ.

ಬೆಕ್ಕಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬೆಕ್ಕಿನ ಮೊಲೆಯ ಗಂಟುಗಳಲ್ಲಿ ಬಹುತೇಕ ಎಲ್ಲವೂ ಕ್ಯಾನ್ಸರೇ. ಬಿಳಿ ಬೆಕ್ಕಿನ ಕಿವಿಯ ತುದಿಯಲ್ಲಿಯೋ ಮೂಗಿನ ಮೇಲೆಯೋ ಮಾಯದ ಹುಣ್ಣು ಕಂಡರೆ ಅದು ಬಿಸಿಲಿನಿಂದ ಬಂದ ಚರ್ಮದ ಕ್ಯಾನ್ಸರ್ ಆಗಿರಬಹುದು.

ತಿಂಗಳಿಗೊಂದು ದಿನ, ಹತ್ತು ನಿಮಿಷ ಸಾಕು. ಪ್ರಾಣಿಯನ್ನು ಮುದ್ದಿಸುವ ನೆಪದಲ್ಲಿ ಬಾಯಿ, ದವಡೆಯ ಕೆಳಗು, ಕಂಕುಳು, ಹೊಟ್ಟೆ, ಮೊಲೆಗಳ ಸಾಲು, ಬಾಲದ ಬುಡ ಇವನ್ನೆಲ್ಲ ಕೈಯಾಡಿಸಿ ನೋಡಬೇಕು. ಹೊಸ ಗಂಟು, ಮಾಯದ ಹುಣ್ಣು, ಬಾಯಿಯ ದುರ್ವಾಸನೆ, ಕಾರಣವಿಲ್ಲದೆ ಇಳಿದ ತೂಕ, ವಾಸಿಯಾಗದ ಕುಂಟು ಕಂಡಲ್ಲಿ ದಿನಾಂಕವನ್ನೂ ಗಂಟಿನ ಗಾತ್ರವನ್ನೂ ಬರೆದಿಟ್ಟುಕೊಂಡು ವೈದ್ಯರ ಬಳಿಗೆ ಒಯ್ಯಬೇಕು. ಸೂಜಿಯಿಂದ ಕೆಲವು ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿಯದು. ಮಕ್ಕಳಿಗೂ ಈ ಅಭ್ಯಾಸ ಕಲಿಸಿದರೆ ಅವರಲ್ಲಿ ಕರುಣೆಯೊಂದಿಗೆ ಹೊಣೆಗಾರಿಕೆಯೂ ಬೆಳೆಯುತ್ತದೆ.

ಮನುಷ್ಯರ ನೋವಿನ ಗುಳಿಗೆಯನ್ನು ಪ್ರಾಣಿಗೆ ಕೊಡಲೇಬಾರದು. ಒಂದೇ ಒಂದು ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಗಂಟಿಗೆ ಬರೆ ಹಾಕುವುದು, ಸುಣ್ಣ ಮೆತ್ತುವುದು, ದಾರ ಬಿಗಿಯುವುದು ಹಿಂಸೆಯೇ ಹೊರತು ಚಿಕಿತ್ಸೆಯಲ್ಲ. ಊರಿನ ಪಶುಚಿಕಿತ್ಸಾಲಯವೇ ಮೊದಲ ಆಸರೆ. ಅಲ್ಲಿ ಆಗದ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ಹೆಬ್ಬಾಳ, ಬೀದರ, ಹಾಸನ, ಶಿವಮೊಗ್ಗಗಳ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ.

ಖರ್ಚಿನ ಚಿಂತೆ ಎಲ್ಲರಿಗೂ ಇದ್ದದ್ದೇ. ಆದರೆ ಚಿಕ್ಕ ಗಂಟಿನ ಖರ್ಚು ಚಿಕ್ಕದು, ದೊಡ್ಡ ಗಂಟಿನದು ದೊಡ್ಡದು. ಕಾಯುವುದರಿಂದ ಹಣ ಉಳಿಯುವುದಿಲ್ಲ. ಚಿಕಿತ್ಸೆ ಮೀರಿದ ಪ್ರಾಣಿಗೂ ನೋವು ತಗ್ಗಿಸುವ ಮದ್ದು ಕೊಡಿಸಿ ಕೊನೆಯವರೆಗೆ ಮನೆಯಲ್ಲಿಯೇ ಇರಿಸಿಕೊಳ್ಳುವುದು ನಮ್ಮ ಕರ್ತವ್ಯ. ವರ್ಷಗಟ್ಟಲೆ ನಮ್ಮ ಹೊಲ ಉತ್ತ, ನಮ್ಮ ಬಾಗಿಲು ಕಾಯ್ದ ಜೀವಗಳಿಗೆ ತಿಂಗಳಿಗೆ ಹತ್ತು ನಿಮಿಷದ ಸಾಲವನ್ನಾದರೂ ನಾವು ತೀರಿಸೋಣ.