ನಿಲ್ಲುವುದೂ ಒಂದು ನಿರ್ಧಾರ

‘ನಿಧಾನವೇ ಪ್ರಧಾನ’ ಎಂಬ ಹಿರಿಯರ ಮಾತನ್ನು ನಾವೆಲ್ಲರೂ ಬಲ್ಲೆವು. ಚಾಲಕನಿಲ್ಲದೆ ತಾವಾಗಿಯೇ ಓಡುವ ಮೋಟಾರು ಕಾರುಗಳನ್ನು ನಿರ್ಮಿಸಿದವರೂ ಅವಕ್ಕೆ ಈ ನೀತಿಯನ್ನೇ ಕಲಿಸಿರುವಂತೆ ತೋರುತ್ತದೆ. ಎದುರಿನ ಪರಿಸ್ಥಿತಿ ತಿಳಿಯದಾದರೆ ಕಾರು ನಿಂತುಬಿಡುತ್ತದೆ. ಸಂಶಯವಿದ್ದಾಗ ಮುನ್ನುಗ್ಗುವುದಕ್ಕಿಂತ ನಿಲ್ಲುವುದು ಮೇಲೆಂಬುದು ನಿಜ. ಆದರೆ ನಿಂತ ಮಾತ್ರಕ್ಕೆ ಅಪಾಯವು ತಪ್ಪಿತೆಂದು ಭಾವಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 2025ರ ಡಿಸೆಂಬರ್ 20ರಂದು ವಿದ್ಯುತ್ತು ನಿಂತುಹೋಗಿ, ಅನೇಕ ಚೌಕಗಳಲ್ಲಿ ಸಿಗ್ನಲ್ ದೀಪಗಳು ಆರಿದುವು. ದೀಪವಿಲ್ಲದ ಚೌಕದಲ್ಲಿ ಒಮ್ಮೆ ನಿಂತು, ಸರದಿಯರಿತು ಸಾಗಬೇಕೆಂಬ ಪಾಠವು ವೇಮೋ ಕಂಪನಿಯ ಕಾರುಗಳಿಗೆ ಮೊದಲೇ ಆಗಿದ್ದಿತು. ಆದರೂ ಕೆಲವೆಡೆ ಅವು ದೂರದಲ್ಲಿದ್ದ ಸಿಬ್ಬಂದಿಯ ಒಪ್ಪಿಗೆಯನ್ನು ಬೇಡಿದುವು. ಇಂಥ ಕೋರಿಕೆಗಳು ಒಮ್ಮೆಗೇ ಹೆಚ್ಚಿ, ಉತ್ತರವು ತಡವಾಯಿತು. ಕಾರುಗಳು ನಡುದಾರಿಯಲ್ಲೇ ನಿಂತು ಸಂಚಾರಕ್ಕೆ ತಡೆಯಾದುವು. ಒಂದು ಕಾರು ನಿಂತರೆ ಅದು ಎಚ್ಚರಿಕೆಯೆನಿಸೀತು. ಸಾಲುಗಟ್ಟಿ ನಿಂತರೆ ಊರಿಗೇ ಅಡ್ಡಗೋಡೆಯಾದೀತು. ಬೆಂಕಿಯಾರಿಸುವ ಗಾಡಿಯೋ ರೋಗಿಯನ್ನು ಹೊತ್ತ ಆಂಬುಲೆನ್ಸೋ ಆ ಹಾದಿಯಲ್ಲಿ ಬಂದರೆ, ಆ ನಿಧಾನದ ಬೆಲೆಯನ್ನು ತೆರತಕ್ಕವರಾರು?

ಹಾಗೆಂದು ರಸ್ತೆಯ ಬದಿಗೆ ಸರಿಯುವುದೇ ಸದಾ ಕ್ಷೇಮವೆಂದೂ ಹೇಳಲಾಗದು. ಅದೇ ನಗರದಲ್ಲಿ 2023ರ ಅಕ್ಟೋಬರ್ 2ರಂದು, ಮನುಷ್ಯನು ನಡೆಸುತ್ತಿದ್ದ ಕಾರೊಂದು ಬಡಿದು ಪಾದಚಾರಿ ಮಹಿಳೆಯೊಬ್ಬಳು ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನೆದುರು ಬಿದ್ದಳು. ಆ ಕಾರು ಆಕೆಗೆ ಡಿಕ್ಕಿ ಹೊಡೆದು ನಿಂತಿತು. ಬಳಿಕ ಬದಿಗೆ ಸರಿಯಲು ಹೊರಟು, ಅಡಿಯಲ್ಲಿ ಸಿಲುಕಿದ್ದ ಆಕೆಯನ್ನು ಸುಮಾರು 20 ಅಡಿ ದೂರ ಎಳೆದೊಯ್ದಿತು. ಅಲ್ಲಿ ನಿಂತಲ್ಲೇ ನಿಲ್ಲುವುದು ಧರ್ಮವಾಗಿದ್ದಿತು. ಅದೇ ತಿಂಗಳ 24ರಂದು ಕ್ಯಾಲಿಫೋರ್ನಿಯದ ಮೋಟಾರು ವಾಹನ ಇಲಾಖೆಯು ಆ ಕಂಪನಿಯ ಚಾಲಕರಹಿತ ಸಂಚಾರದ ಪರವಾನಗಿಯನ್ನು ತಡೆಹಿಡಿಯಿತು.

ಒಂದೆಡೆ ನಿಂತುದು ತೊಡಕಾಯಿತು. ಇನ್ನೊಂದೆಡೆ ಸರಿದುದು ಘಾತವಾಯಿತು. ಆದುದರಿಂದ ನಿಲ್ಲುವುದೂ ಒಂದು ನಿರ್ಧಾರವೇ. ಓಡಿಸಿದ್ದಕ್ಕಿರುವ ಹೊಣೆಯು ನಿಲ್ಲಿಸಿದ್ದಕ್ಕೂ ಇರತಕ್ಕದ್ದು. ಅನೇಕ ಕಾರುಗಳು ಒಮ್ಮೆಗೇ ಸಹಾಯ ಬೇಡಿದರೆ ಉತ್ತರಿಸಲು ಸಾಕಷ್ಟು ಜನರಿರುವರೇ, ದಾರಿಗಡ್ಡವಾಗಿ ನಿಂತ ಕಾರನ್ನು ಸ್ಥಳದಲ್ಲಿರುವ ಪೊಲೀಸರು ಕೂಡಲೇ ಸರಿಸಬಲ್ಲರೇ ಎಂಬುದನ್ನು ಪರೀಕ್ಷಿಸಿದ ಮೇಲೆಯೇ ಸರಕಾರಗಳು ಇವುಗಳಿಗೆ ಪರವಾನಗಿ ನೀಡಬೇಕು.

ನಮ್ಮ ವಿದ್ಯಾರ್ಥಿಗಳಲ್ಲಿ ಮುಂದೆ ಇಂಜಿನಿಯರುಗಳಾಗತಕ್ಕವರು ಅನೇಕರಿದ್ದಾರೆ. ಯಂತ್ರಕ್ಕೆ ನಿಲ್ಲುವುದನ್ನು ಕಲಿಸುವಾಗ, ಎಲ್ಲಿ ನಿಂತರೆ ಇತರರಿಗೆ ದಾರಿ ಉಳಿಯುವುದೆಂಬುದನ್ನೂ ಅವರು ಕಲಿಸುವರೆಂದು ನಾವು ಆಶಿಸುತ್ತೇವೆ.